ಕಾವಿಗೆ ಕೂತ ಹ್ಯಾಟೆಯನ್ನು (ಹೆಣ್ಣು ಕೋಳಿಯನ್ನು) ಉಳಿದ ಕೋಳಿಗಳ ಜೊತೆಯಲ್ಲೇ ಬಿಟ್ಟು ಮರಿ ಮಾಡಿಸಬಹುದಾ?

ಹಿತ್ತಲಕೋಳಿ
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ. 12 ಹ್ಯಾಟೆ, 2 ಹುಂಜ ಇವೆ, ಎಲ್ಲ ನಾಟಿ. ರಾತ್ರಿ ಕೊಟ್ಟಿಗೆಗೆ ತಾಗಿದ ಒಡ್ಡಿಯಲ್ಲಿ (ಕೋಳಿಗೂಡಿನಲ್ಲಿ) ಕೂರುತ್ತವೆ, ಹಗಲು ತೋಟದ ತುಂಬ ಓಡಾಡುತ್ತವೆ.

ಕೆಂಚಿ ಅಂತ ಒಂದು ಹ್ಯಾಟೆ ಮೂರು ದಿನದಿಂದ ಬುಟ್ಟಿ ಬಿಟ್ಟು ಏಳುತ್ತಿಲ್ಲ. ಕೈ ಹಾಕಿದರೆ ಗರಿ ಕೆದರಿ ಕೊರ್ರ್ ಅನ್ನುತ್ತದೆ. ಎದೆಯ ಗರಿ ಉದುರಿಸಿಕೊಂಡಿದೆ. ಕಾವು ಬಂದಿರೋದು ಖಚಿತ.

ಹೋದ ವರ್ಷ ಇದೇ ಕೆಂಚಿಯನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದೆ. 9 ಮರಿ ಆಯಿತು. ಒಂದು ತಿಂಗಳು ಒಳಗೇ ಇಟ್ಟು ಜೋಪಾನ ಮಾಡಿದೆ. ಆಮೇಲೆ ಹೊರಗೆ ಬಿಟ್ಟೆ ನೋಡಿ, ಉಳಿದ ಕೋಳಿಗಳು ಮುತ್ತಿಕೊಂಡು ಕುಕ್ಕಿದವು. ಅದರಲ್ಲೂ ಕರಿ ಹ್ಯಾಟೆ. ಎರಡು ದಿನದಲ್ಲಿ 4 ಮರಿ ಸತ್ತವು. ಕೆಂಚಿಗೂ ಜುಟ್ಟು ಹರಿಯುವ ಹಾಗೆ ಹೊಡೆದವು. ತನ್ನ ಗುಂಪಿನಲ್ಲೇ ಅದು ಹೊರಗಿನದ್ದು ಆಗಿಬಿಟ್ಟಿತ್ತು. ಆ ಮರಿಗಳನ್ನು ಹೂಳುವಾಗ ಅನಿಸಿದ್ದು, ತಪ್ಪು ನನ್ನದೇ.

ಈ ಸಲ ಎಲ್ಲದರ ಜೊತೆ ಒಡ್ಡಿಯಲ್ಲೇ ಕೂರಿಸೋಣ ಅಂತಿದ್ದೇನೆ. ಆದರೆ ಬೇರೆ ಹ್ಯಾಟೆಗಳೂ ಅದೇ ಬುಟ್ಟಿಗೆ ಬಂದು ಮೊಟ್ಟೆ ಇಡುತ್ತಿವೆ. ನೀವೆಲ್ಲ ಹೇಗೆ ಮಾಡುತ್ತೀರಿ?

ತೋಟದಮನೆ
ಕೂರಿಸಿ. ಧೈರ್ಯವಾಗಿ ಕೂರಿಸಿ. ನಮ್ಮ ಕೊಪ್ಪದ ಕಡೆ ಬೇರೆ ಕೋಣೆ ಅಂತ ಯಾರೂ ಮಾಡುತ್ತಿರಲಿಲ್ಲ, ಹ್ಯಾಟೆ ಒಡ್ಡಿಯ ಮೂಲೆಯಲ್ಲೇ ಕೂರುತ್ತಿತ್ತು.

ಗಿರಿರಾಜ_ಹಾಸನ
ನನ್ನ ಅಭಿಪ್ರಾಯ ಬೇರೆ. ಮೊಟ್ಟೆ ಲೆಕ್ಕ ಹಾಕಿ ನೋಡಿ. ನಾಟಿ ಹ್ಯಾಟೆ ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತೆ. ಕಾವು 21 ದಿನ, ಮರಿ ಸಾಕೋದು ಎರಡು ತಿಂಗಳು. ಅಷ್ಟೂ ದಿನ ಒಂದು ಮೊಟ್ಟೆ ಇಲ್ಲ. ಅದೇ ಕಾವು ಬಿಡಿಸಿದರೆ ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆ ಶುರು. ಮರಿ ಬೇಕಾದರೆ ಕರೆಂಟಿನಲ್ಲಿ ಕಾವು ಕೊಡುವ ಒಂದು ಚಿಕ್ಕ ಇನ್‌ಕ್ಯುಬೇಟರ್ ಇಟ್ಟುಕೊಳ್ಳಿ.

ತೋಟದಮನೆ
@ಗಿರಿರಾಜ_ಹಾಸನ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರೋದಿಲ್ಲ. ಇನ್‌ಕ್ಯುಬೇಟರ್ ತಣ್ಣಗಾಗುತ್ತೆ, ಹ್ಯಾಟೆ ತಣ್ಣಗಾಗೋದಿಲ್ಲ.

ಅದಕ್ಕಿಂತ ಮುಖ್ಯವಾದ ಮಾತು. ಇವರ ಸಮಸ್ಯೆ ಮರಿ ಹೇಗೆ ಮಾಡಿಸೋದು ಅನ್ನೋದಲ್ಲ. ಆದ ಮರಿಯನ್ನು ಗುಂಪಿಗೆ ಸೇರಿಸೋದು ಹೇಗೆ ಅನ್ನೋದು. ಬಲ್ಬಿನ ಕೆಳಗೆ ಬೆಳೆದ ಮರಿಗೆ ತಾಯಿಯೇ ಇಲ್ಲ. ಗುಂಪಿಗೆ ಬಿಟ್ಟರೆ ಅದರ ಪರವಾಗಿ ನಿಲ್ಲೋರು ಯಾರು? ಗಿಡುಗ ಬಂದರೆ ಯಾವ ಕೂಗಿಗೆ ಅಡಗಬೇಕು ಅಂತ ಅದಕ್ಕೆ ಹೇಳಿಕೊಡೋರು ಯಾರು?

ಗಿರಿರಾಜ_ಹಾಸನ
ಕರೆಂಟ್ ಮಾತು ಒಪ್ಪುತ್ತೇನೆ. ಗುಂಪಿಗೆ ಸೇರಿಸೋದು ಕಷ್ಟ ಅನ್ನೋದೂ ನಿಜ, ನನ್ನ ಮೊದಲ ಬ್ಯಾಚಿನಲ್ಲಿ ನಾನೂ ಪೆಟ್ಟು ತಿಂದಿದ್ದೇನೆ. ಆದರೆ 50 ಮರಿ ಬೇಕು ಅನ್ನುವವರಿಗೆ ಹ್ಯಾಟೆ ಸಾಕಾಗೋದಿಲ್ಲ, ಅಷ್ಟು ಹೇಳಿದೆ. ಅಂದ ಹಾಗೆ ಗಿರಿರಾಜ ಸಾಕುವವರು ಕಾವಿಗೆ ಕಾಯಬೇಡಿ. ಅದು ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿ ಮಾಡಿದ ತಳಿ, ಕಾವಿಗೆ ಕೂರೋದಿಲ್ಲ. ಗಿರಿರಾಜದ ಮೊಟ್ಟೆಯನ್ನು ನಾಟಿ ಹ್ಯಾಟೆಯ ಕೆಳಗೆ ಇಟ್ಟು ಮರಿ ಮಾಡಿಸಬೇಕು.

ಕರಾವಳಿಗೂಡು
ಬೆಳ್ತಂಗಡಿಯಿಂದ. ನಾವು ಊರ ಕೋಳಿ ಅನ್ನುತ್ತೇವೆ. ಜೊತೆಯಲ್ಲೇ ಕೂರಿಸಿ, ಆದರೆ ನಡುವೆ ಜಾಲರಿ ಇರಲಿ. ಪೂರ್ತಿ ಬಿಟ್ಟರೆ ಒಂದು ಬುಟ್ಟಿಗೆ ಮೂರು ಹ್ಯಾಟೆ ನುಗ್ಗಿ ಮೊಟ್ಟೆ ಒಡೆಯುತ್ತವೆ. ಒಡೆದ ಮೊಟ್ಟೆಯ ಲೋಳೆ ಉಳಿದ ಮೊಟ್ಟೆಗೆ ಅಂಟಿದರೆ ಅವೂ ಕೆಡುತ್ತವೆ.

ತೋಟದಮನೆ
ಜಾಲರಿ ಒಳ್ಳೆಯದು. ನಾನು ಹೇಳಬೇಕಿದ್ದೂ ಅದನ್ನೇ, ಬರೆಯೋದು ಬಿಟ್ಟುಹೋಯಿತು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಡ್ಡಿಯೊಳಗೇ ಒಂದು ಮೂಲೆಯಲ್ಲಿ ಎರಡೂವರೆ ಅಡಿ ಉದ್ದ, ಅಷ್ಟೇ ಅಗಲದ ಜಾಗ ಜಾಲರಿ ಕಟ್ಟಿ ಬೇರೆ ಮಾಡಿ. ಒಳಗೆ ಬುಟ್ಟಿ, ಒಂದು ಬಟ್ಟಲು ನೀರು, ಒಂದು ಬಟ್ಟಲು ಕಾಳು. ಕೆಂಚಿಗೆ ಉಳಿದ ಕೋಳಿಗಳು ಕಾಣಬೇಕು, ಅವಕ್ಕೆ ಕೆಂಚಿ ಕಾಣಬೇಕು. ಗುಟ್ಟು ಇರೋದು ಅಲ್ಲೇ. ಕೋಳಿಗಳಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವ ಸಾಲು ಇರುತ್ತೆ. ಒಂದು ಹ್ಯಾಟೆ ತಿಂಗಳುಗಟ್ಟಲೆ ಕಣ್ಣಿಗೆ ಬೀಳದಿದ್ದರೆ ಅದರ ಜಾಗ ಹೋಯಿತು ಅಂತಲೇ ಲೆಕ್ಕ. ವಾಪಸ್ ಬಂದಾಗ ಹೊಸ ಕೋಳಿ ಬಂದ ಹಾಗೆ ಹೊಡೆಯುತ್ತವೆ. ನಿಮಗೆ ಆಗಿದ್ದು ಅದೇ. ಪಾಪ, ಕೆಂಚಿ ಮರಿ ಕಾಪಾಡಬೇಕಾ, ತನ್ನನ್ನು ಕಾಪಾಡಿಕೊಳ್ಳಬೇಕಾ?

ಸ್ಥಳ ಬದಲಾಯಿಸೋದು ರಾತ್ರಿ ಮಾತ್ರ. ಹಗಲು ಎತ್ತಿದರೆ ಎದ್ದು ಹಳೆಯ ಜಾಗಕ್ಕೇ ಓಡುತ್ತೆ. ಮೊದಲ ಎರಡು ದಿನ ಬೇಡದ ಮೊಟ್ಟೆ ಇಟ್ಟು ನೋಡಿ. ಹೊಸ ಜಾಗದಲ್ಲಿ ಗಟ್ಟಿಯಾಗಿ ಕೂತರೆ ಆಮೇಲೆ ಒಳ್ಳೆ ಮೊಟ್ಟೆ ಎಲ್ಲವನ್ನೂ ಒಂದೇ ಸಲ ಇಡಿ. ದಿನಾ ಒಂದೊಂದು ಸೇರಿಸಿದರೆ ಮರಿಯೂ ಒಂದೊಂದು ದಿನ ಒಂದೊಂದು ಬರುತ್ತೆ. ಮೊದಲ ಮರಿಗಳು ಆಚೆ ಹೊರಟರೆ ಹ್ಯಾಟೆ ಉಳಿದ ಮೊಟ್ಟೆ ಬಿಟ್ಟು ಎದ್ದು ಹೋಗುತ್ತೆ. ಒಳಗೆ ಜೀವ ಇರುವ ಮೊಟ್ಟೆ ತಣ್ಣಗಾಗೋದನ್ನು ನೋಡೋಕೆ ಆಗೋದಿಲ್ಲ.

ಹಿತ್ತಲಕೋಳಿ
ತುಂಬ ಉಪಕಾರ ಆಯಿತು. ಎಷ್ಟು ಮೊಟ್ಟೆ ಇಡಲಿ? ಫ್ರಿಜ್‌ನಲ್ಲಿ 14 ಇವೆ.

ಕರಾವಳಿಗೂಡು
ಫ್ರಿಜ್ ಮೊಟ್ಟೆ ಬೇಡ!

ಮಂಕರಿ
ಫ್ರಿಜ್‌ನದ್ದು ಇಟ್ಟರೂ ಮರಿ ಆಗುತ್ತೆ, ನಮ್ಮ ಮನೆಯಲ್ಲಿ ಆಗಿದೆ.

ಪಶುಸಖಿ_ತುಮಕೂರು
ಒಂದೆರಡು ಆಗಬಹುದು, ಆದರೆ ಅದನ್ನು ನಂಬಿ ಹ್ಯಾಟೆಯನ್ನು 21 ದಿನ ಕೂರಿಸಬೇಡಿ. ಅಷ್ಟು ತಣ್ಣಗಿಟ್ಟ ಮೊಟ್ಟೆಯಲ್ಲಿ ಭ್ರೂಣ ಉಳಿಯೋದು ಕಡಿಮೆ. ಕಾವಿಗೆ ಇಡುವ ಮೊಟ್ಟೆ ಹೊರಗೆ, ತಂಪಾದ ನೆರಳಿನಲ್ಲಿ, ಚೂಪು ತುದಿ ಕೆಳಗಾಗಿ ಇರಲಿ. ಒಂದು ವಾರದ ಒಳಗಿನದ್ದಾದರೆ ಒಳ್ಳೆಯದು. ತೊಳೆಯಬಾರದು. ಮೊಟ್ಟೆಯ ಮೇಲೆ ತೆಳುವಾದ ಲೇಪ ಇರುತ್ತೆ. ತೊಳೆದರೆ ಅದು ಹೋಗಿ ರೋಗಾಣು ಒಳಗೆ ಇಳಿಯುತ್ತೆ. ತುಂಬ ದೊಡ್ಡದು, ಉದ್ದ ಆಗಿರೋದು, ಚಿಪ್ಪು ಬಿರುಕು ಬಿಟ್ಟಿರೋದು ಬೇಡ.

ನಾಟಿ ಹ್ಯಾಟೆಗೆ 10 ರಿಂದ 12. ಮೈ ಕೆಳಗೆ ಎಲ್ಲ ಮೊಟ್ಟೆ ಮುಚ್ಚಬೇಕು. ಹೊರಗೆ ಇಣುಕುವ ಮೊಟ್ಟೆ ಇದ್ದರೆ ಅದೊಂದೇ ಕೆಡೋದಲ್ಲ. ಹ್ಯಾಟೆ ದಿನಾ ಮೊಟ್ಟೆ ಮಗುಚಿ ಜಾಗ ಬದಲಾಯಿಸುತ್ತಲೇ ಇರುತ್ತೆ, ಹಾಗಾಗಿ ಇವತ್ತು ಒಂದು ಹೊರಗೆ, ನಾಳೆ ಇನ್ನೊಂದು. ಆಸೆಗೆ 16 ಇಟ್ಟವರಿಗೆ 5 ಮರಿ ಬಂದಿದ್ದನ್ನು ನಾನೇ ನೋಡಿದ್ದೇನೆ.

ಇಟ್ಟ ಮೊಟ್ಟೆಗಳ ಮೇಲೆ ಪೆನ್ಸಿಲ್‌ನಲ್ಲಿ ಸುತ್ತ ಒಂದು ಗೆರೆ ಎಳೆಯಿರಿ. ಬೇರೆ ಹ್ಯಾಟೆ ಬಂದು ಹೊಸದು ಇಟ್ಟರೆ ಸಂಜೆ ಗೆರೆ ಇಲ್ಲದ್ದನ್ನು ಎತ್ತಿಕೊಂಡರೆ ಆಯಿತು. ಪೆನ್ ಬೇಡ, ಪೆನ್ಸಿಲ್ ಸಾಕು.

ಅಜ್ಜಿಮನೆ
ನಮ್ಮಜ್ಜಿ ಬೆಸ ಸಂಖ್ಯೆಯೇ ಇಡುತ್ತಿದ್ದರು. 9, 11, 13. ಬುಟ್ಟಿಗೆ ಮರಳು, ಅದರ ಮೇಲೆ ಹುಲ್ಲು, ಹುಲ್ಲಿನ ಕೆಳಗೆ ಒಂದು ಕಬ್ಬಿಣದ ಚೂರು, ಎರಡು ಇದ್ದಿಲು. ಗುಡುಗು ಬಂದರೆ ಮೊಟ್ಟೆ ಕೆಡಬಾರದು ಅಂತ. ನಾನು ಈಗಲೂ ಹಳೆಯ ಕುಡುಗೋಲಿನ ತುಂಡು ಇಡುತ್ತೇನೆ.

ಗಿರಿರಾಜ_ಹಾಸನ
ಗುಡುಗಿಗೆ ಮೊಟ್ಟೆ ಕೆಡೋದಿಲ್ಲ. ಗುಡುಗಿಗೆ ಹೆದರಿ ಹ್ಯಾಟೆ ಎದ್ದು ಹೋಗಿ ರಾತ್ರಿಯೆಲ್ಲ ವಾಪಸ್ ಬರದಿದ್ದರೆ ಕೆಡುತ್ತೆ. ಕಬ್ಬಿಣ ಇಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.

ಅಜ್ಜಿಮನೆ
ಇರಬಹುದು. ಆದರೆ ಆ ಬುಟ್ಟಿಯಲ್ಲಿ ಅಜ್ಜಿ ಇಟ್ಟದ್ದು ಒಂದೂ ಕೆಲಸಕ್ಕೆ ಬಾರದ್ದಲ್ಲ. ಮರಳು ಇದ್ದರೆ ಮೊಟ್ಟೆ ಉರುಳೋದಿಲ್ಲ, ನಡುವೆ ಗುಳಿ ಹಾಗೇ ನಿಲ್ಲುತ್ತೆ. ಬೇವಿನ ಸೊಪ್ಪು, ಒಣ ತಂಬಾಕಿನ ಎಲೆ ಹಾಕುತ್ತಿದ್ದರು, ಹೇನಿಗೆ ಅಂತ. ಕಬ್ಬಿಣ ನನಗೆ ಅಜ್ಜಿಯ ನೆನಪು. ಅದನ್ನು ತೆಗೆಯೋದಿಲ್ಲ.

ಪಶುಸಖಿ_ತುಮಕೂರು
ಹೇನಿನ ಮಾತು ಬಂದಿದ್ದು ಒಳ್ಳೆಯದಾಯಿತು. ಕಾವು ಕೂತ ಹ್ಯಾಟೆ ಅರ್ಧಕ್ಕೆ ಎದ್ದು ಹೋದರೆ ಜನ ಹ್ಯಾಟೆಯನ್ನೇ ಬಯ್ಯುತ್ತಾರೆ. ರಾತ್ರಿ ಟಾರ್ಚ್ ಹಿಡಿದು ಬುಟ್ಟಿಯ ಕೆಳಗೆ ನೋಡಿ. ಕೆಂಪು ಚುಕ್ಕಿಯ ಹಾಗೆ ನುಸಿ ಹರಿದಾಡುತ್ತಿರುತ್ತೆ. ರಾತ್ರಿಯಿಡೀ ರಕ್ತ ಹೀರಿದರೆ ಯಾವ ತಾಯಿ ಕೂರುತ್ತಾಳೆ? ಕೂರಿಸುವ ಮೊದಲೇ ಹಳೆಯ ಹುಲ್ಲು ಸುಟ್ಟು, ಬುಟ್ಟಿ ಬಿಸಿಲಿಗೆ ಹಾಕಿ. ಹೊರಗೆ ಬಂದಾಗ ಹೊರಳಾಡೋಕೆ ಒಲೆಯ ಬೂದಿ ಬೆರೆಸಿದ ಒಣ ಮಣ್ಣು ಇರಲಿ.

ಜವಾರಿಹುಂಜ
ವಿಜಯಪುರ ಜಿಲ್ಲೆ. ನಮ್ಮಲ್ಲಿ ಜವಾರಿ ಕೋಳಿ, ಮೊಟ್ಟೆಗೆ ತತ್ತಿ ಅಂತೀವಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತೆ, ಆವಾಗ ಕೂರಿಸಿದರೆ ಅರ್ಧಕ್ಕರ್ಧ ತತ್ತಿ ಕೆಡುತ್ತವೆ. ಕಾವಿಗೆ ಬೇಕಾಗಿದ್ದು ಸುಮಾರು ಮೂವತ್ತೇಳೂವರೆ ಡಿಗ್ರಿ. ಹೊರಗಿನ ಗಾಳಿಯೇ ಅದಕ್ಕಿಂತ ಬಿಸಿ ಆದರೆ ಹ್ಯಾಟೆ ಏನು ಮಾಡಬೇಕು? ತತ್ತಿ ಕೂಡಿಡೋಕೆ ನಾವು ಹಸಿ ಉಸುಕಿನ ಮೇಲೆ ಗಡಿಗೆ ಇಟ್ಟು ಅದರಲ್ಲಿ ಇಡುತ್ತೇವೆ. ದೀಪಾವಳಿ ಮುಗಿದ ಮೇಲೆ ಕೂರಿಸೋದು ಚಲೋ.

ತೋಟದಮನೆ
ನಮಗೂ ಅದೇ ಕಾಲ, ಕಾರಣ ಮಾತ್ರ ಬೇರೆ. ಮಳೆಗಾಲದ ಥಂಡಿಗೆ ಮರಿ ನಿಲ್ಲೋದಿಲ್ಲ.

ಟೆರೇಸ್‌ಗೂಡು
ಬೆಂಗಳೂರು. ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮನೆಯ ಮಹಡಿಯಲ್ಲಿ 4 ನಾಟಿ ಹ್ಯಾಟೆ ಇವೆ. ಹುಂಜ ಇಲ್ಲ, ಅಕ್ಕಪಕ್ಕದವರಿಗೆ ಕೂಗು ಆಗೋದಿಲ್ಲ. ಒಂದು ಹ್ಯಾಟೆ ಎರಡು ವಾರದಿಂದ ಖಾಲಿ ಬುಟ್ಟಿಯಲ್ಲಿ ಕೂತಿದೆ. ಮೊಟ್ಟೆಯೇ ಇಲ್ಲ! ತೂಕ ಇಳಿದುಹೋಗಿದೆ. ನೋಡೋಕೆ ಸಂಕಟ ಆಗುತ್ತೆ. ಏನು ಮಾಡಲಿ?

ಮಂಕರಿ
ತಣ್ಣೀರಲ್ಲಿ ಮುಳುಗಿಸಿ ಎತ್ತಿ. ನಮ್ಮೂರಲ್ಲಿ ಮೂಗಿಗೆ ಗರಿ ಚುಚ್ಚುತ್ತಾರೆ, ಎರಡೇ ದಿನದಲ್ಲಿ ಕಾವು ಇಳಿಯುತ್ತೆ.

ಪಶುಸಖಿ_ತುಮಕೂರು
ದಯವಿಟ್ಟು ಮೂಗಿಗೆ ಗರಿ ಚುಚ್ಚಬೇಡಿ. ಅದು ಹಿಂಸೆ, ಗಾಯ ಆಗಿ ಕೀವು ಆಗುತ್ತೆ. ಕಾವು ಇಳಿಸೋಕೆ ದಾರಿ ಇದೆ. ತಳ ಜಾಲರಿ ಇರುವ ಪಂಜರ, ಅದನ್ನು ಎರಡು ಇಟ್ಟಿಗೆ ಮೇಲೆ ಎತ್ತಿ ಇಡಿ. ಕೆಳಗಿನಿಂದ ಗಾಳಿ ಆಡಬೇಕು, ಹುಲ್ಲು ಇರಬಾರದು. ನೀರು, ಆಹಾರ ಚೆನ್ನಾಗಿ ಕೊಡಿ. ನಾಲ್ಕೈದು ದಿನದಲ್ಲಿ ಇಳಿಯುತ್ತೆ. ನೆನಪಿರಲಿ, ಹ್ಯಾಟೆ ಹಠ ಮಾಡುತ್ತಿಲ್ಲ. ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಅದನ್ನು ಕೂರಿಸುತ್ತೆ. ಅದಕ್ಕೆ ಬೇಕು ಅಂದರೂ ಏಳೋಕೆ ಆಗೋದಿಲ್ಲ.

ಗಿರಿರಾಜ_ಹಾಸನ
@ಟೆರೇಸ್‌ಗೂಡು ಇಲ್ಲಾಂದರೆ ಒಂದು ದಿನದ ಮರಿ ತಂದು ರಾತ್ರಿ ಕೆಳಗೆ ಇಡಿ. ಎರಡು ವಾರ ಕೂತಿದೆ ಅಂದರೆ ಒಪ್ಪಿಕೊಳ್ಳುವ ಸಾಧ್ಯತೆ ಇದೆ. ಇನ್ನೂ ನಾಲ್ಕೈದು ದಿನ ಕೂತರೆ ಇನ್ನೂ ಒಳ್ಳೆಯದು. ಮರಿ ಒಂದೆರಡು ದಿನದ್ದೇ ಆಗಬೇಕು. ವಾರದ್ದು ಆದರೆ ಮರಿಯೇ ತಾಯಿಯನ್ನು ಒಪ್ಪೋದಿಲ್ಲ.

ಟೆರೇಸ್‌ಗೂಡು
ಹೀಗೂ ಆಗುತ್ತಾ? ನನಗೆ ಗೊತ್ತೇ ಇರಲಿಲ್ಲ. ವಿಚಾರಿಸುತ್ತೇನೆ.

ಹಿತ್ತಲಕೋಳಿ
ನಿನ್ನೆ ರಾತ್ರಿ ಕೆಂಚಿಯನ್ನು ಜಾಲರಿ ಮೂಲೆಗೆ ಸೇರಿಸಿದೆ. ಅಡಿಯಲ್ಲಿ 11 ಮೊಟ್ಟೆ, ಅದರಲ್ಲಿ 5 ಪಕ್ಕದ ಮನೆಯಿಂದ ತಂದದ್ದು. ಕೂತಿದೆ. ಬೆಳಿಗ್ಗೆ ಕರಿ ಹ್ಯಾಟೆ ಜಾಲರಿ ಹತ್ತಿರ ಬಂದು ನೋಡಿ ಹೋಯಿತು. ಒಂದು ಪ್ರಶ್ನೆ: ಕೆಂಚಿ ತಿನ್ನೋಕೆ ಏಳುತ್ತಲೇ ಇಲ್ಲ. ಬಲವಂತವಾಗಿ ಎಬ್ಬಿಸಬೇಕಾ?

ತೋಟದಮನೆ
ದಿನಕ್ಕೆ ಒಂದು ಸಲ, 15-20 ನಿಮಿಷ. ಹೆಚ್ಚಿನ ಹ್ಯಾಟೆಗಳು ತಾವೇ ಏಳುತ್ತವೆ, ನಾವು ನೋಡಿರೋದಿಲ್ಲ ಅಷ್ಟೇ. ಎರಡು ದಿನ ಆದರೂ ಹಿಕ್ಕೆ ಕಾಣದಿದ್ದರೆ ಮೆಲ್ಲಗೆ ಎತ್ತಿ ಹೊರಗೆ ಇಡಿ. ಎತ್ತುವಾಗ ರೆಕ್ಕೆ ಕೆಳಗೆ ಕೈ ಹಾಕಿ ನೋಡಿ, ಮೊಟ್ಟೆ ಸಿಕ್ಕಿಕೊಂಡಿರುತ್ತೆ, ಬಿದ್ದು ಒಡೆಯುತ್ತೆ. ಹೊರಗೆ ಬಂದ ಕೂಡಲೇ ಒಂದು ದೊಡ್ಡ ಹಿಕ್ಕೆ ಹಾಕುತ್ತೆ, ಭಾರೀ ವಾಸನೆ. ಅದು ಸಹಜ, ಗಾಬರಿ ಬೇಡ. ಕಾವು ಕೂತಾಗ ಜೋಳ, ಭತ್ತ, ರಾಗಿ ಕೊಡಿ. ಹಿಕ್ಕೆ ಗಟ್ಟಿ ಇರುತ್ತೆ, ಬುಟ್ಟಿ ಕೊಳೆ ಆಗೋದಿಲ್ಲ.

ಹೊರಗೆ ಬಿಟ್ಟಾಗ ಉಳಿದ ಕೋಳಿಗಳ ನಡುವೆಯೇ ಬಿಡಿ. ದಿನಾ ಒಂದು ಜಗಳ ಆಗುತ್ತೆ, ಆಗಲಿ. ಅದರಲ್ಲೇ ಅದರ ಜಾಗ ಉಳಿಯೋದು. ವಾಪಸ್ ಸರಿಯಾದ ಬುಟ್ಟಿಗೆ ಹೋಯಿತಾ ಅಂತ ಮಾತ್ರ ನೋಡಿಕೊಳ್ಳಿ. ನಮ್ಮನೆಯ ಒಂದು ಹ್ಯಾಟೆ ಪಕ್ಕದ ಖಾಲಿ ಬುಟ್ಟಿಯಲ್ಲಿ ಹೋಗಿ ಕೂತು, ಹದಿಮೂರು ಮೊಟ್ಟೆ ರಾತ್ರಿಯೆಲ್ಲ ತಣ್ಣಗಾದವು.

ಕರಾವಳಿಗೂಡು
ಜಾಲರಿ ಯಾವ ಅಳತೆದು? ಸಾಮಾನ್ಯ ಕೋಳಿ ಜಾಲರಿಯ ಕಣ್ಣಿನಲ್ಲಿ ಸಣ್ಣ ಹಾವು ಸಲೀಸಾಗಿ ನುಗ್ಗುತ್ತೆ. ಅರ್ಧ ಇಂಚಿನ ಚೌಕ ಕಣ್ಣಿನದ್ದು ಹಾಕಿ. ನಮ್ಮಲ್ಲಿ ಒಮ್ಮೆ ನಾಗರಹಾವು ಬುಟ್ಟಿಗೆ ಬಂದು 6 ಮೊಟ್ಟೆ ನುಂಗಿತ್ತು. ಹೆಗ್ಗಣ ಅದಕ್ಕಿಂತ ಕೆಟ್ಟದು, ರಾತ್ರಿ ತಾಯಿಯ ಹೊಟ್ಟೆ ಕೆಳಗಿನಿಂದಲೇ ಮರಿ ಎಳೆದುಕೊಂಡು ಹೋಗುತ್ತೆ. ನೆಲಕ್ಕೂ ಜಾಲರಿ ಬೇಕು.

ಜವಾರಿಹುಂಜ
ಹಾವು ಕಂಡರೆ ಹೊಡೆದು ಹಾಕೋದೇ.

ಕರಾವಳಿಗೂಡು
ಬೇಡ ಮಾರಾಯರೇ. ಕೇರೆಹಾವು ಇದ್ದರೆ ಹೆಗ್ಗಣ ಕಡಿಮೆ. ನಾವು ಒಡ್ಡಿ ಗಟ್ಟಿ ಮಾಡಿಕೊಂಡರೆ ಸಾಕು. ಹಾವಿಗೆ ನಮ್ಮ ಕೋಳಿಯೇ ಬೇಕು ಅಂತ ಇಲ್ಲ.

ಅಜ್ಜಿಮನೆ
ನಾನು ಚಿಕ್ಕವಳಿದ್ದಾಗ ಮಾವ ಕಾಡಿನಿಂದ ಕಾಡುಕೋಳಿ ಮೊಟ್ಟೆ ತಂದು ನಮ್ಮ ಹ್ಯಾಟೆ ಕೆಳಗೆ ಇಟ್ಟಿದ್ದರು. ಮರಿ ಆದವು. ಒಂದು ದಿನ ಕೂಡ ನಮ್ಮ ಹತ್ತಿರ ಬರಲಿಲ್ಲ. ಬುಟ್ಟಿಯಿಂದ ಇಳಿದದ್ದೇ ಲಂಟಾನ ಪೊದೆ ಸೇರಿಬಿಟ್ಟವು. ಹ್ಯಾಟೆ ಎರಡು ದಿನ ಪೊದೆಯ ಸುತ್ತ ಕೂಗುತ್ತಾ ತಿರುಗಿತು. ನಮ್ಮ ನಾಟಿ ಕೋಳಿ ಆ ಕಾಡುಕೋಳಿಯಿಂದಲೇ ಬಂದಿದ್ದಂತೆ, ಆದರೂ ಎಷ್ಟು ವ್ಯತ್ಯಾಸ!

ಗಿರಿರಾಜ_ಹಾಸನ
ಒಂದು ತಿದ್ದುಪಡಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಇರೋದು ಬೂದು ಕಾಡುಕೋಳಿ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಬೂದು ಕಾಡುಕೋಳಿಯ ಪಾಲೂ ಇದೆ. ಸಾಕುಕೋಳಿಯ ಹಳದಿ ಕಾಲು, ಹಳದಿ ಚರ್ಮದ ಗುಣ ಅದರಿಂದ ಬಂದಿದ್ದು ಅಂತ 2008 ರಲ್ಲಿ ತಳಿವಿಜ್ಞಾನಿಗಳು ತೋರಿಸಿದರು. ನಿಮ್ಮ ಹಟ್ಟಿಯಲ್ಲಿ ಹಳದಿ ಕಾಲಿನ ಕೋಳಿ ಇದ್ದರೆ ಅದರಲ್ಲಿ ಘಟ್ಟದ ನೆಂಟಸ್ತನ ಇದೆ.

ಪಶುಸಖಿ_ತುಮಕೂರು
ಚೆನ್ನಾಗಿದೆ ವಿಷಯ. ಆದರೆ ಓದಿದವರು ಯಾರೂ ಕಾಡುಕೋಳಿ ಮೊಟ್ಟೆ ತರೋಕೆ ಹೋಗಬೇಡಿ. 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ.

ಬಾತುಗೆಳೆಯ
ಹ್ಯಾಟೆ ಕೆಳಗೆ ಬಾತುಕೋಳಿ ಮೊಟ್ಟೆ ಇಟ್ಟವರು ಯಾರಾದರೂ ಇದ್ದೀರಾ? ನಾನು ಇಟ್ಟಿದ್ದೆ. 28 ದಿನ ಬೇಕು, ಪಾಪ ಹ್ಯಾಟೆ ಒಂದು ವಾರ ಜಾಸ್ತಿ ಕೂತಿತು. ಮರಿಗಳು ಐದನೇ ದಿನಕ್ಕೆ ಗದ್ದೆಯ ನೀರಿಗೆ ಇಳಿದವು. ಹ್ಯಾಟೆ ಬದುವಿನ ಮೇಲೆ ಓಡಾಡುತ್ತಾ ಕೂಗಿದ್ದು ಕೇಳಿ ನಮ್ಮಮ್ಮನೇ ಓಡಿ ಬಂದರು. ಆಮೇಲೆ ನಾನು ಆ ಕೆಲಸ ಮಾಡಿಲ್ಲ.

ಹಿತ್ತಲಕೋಳಿ
ಏಳನೇ ದಿನ. ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿದೆ. 9 ರಲ್ಲಿ ಜೇಡರ ಕಾಲಿನ ಹಾಗೆ ಕೆಂಪು ನರಗಳು, ನಡುವೆ ಒಂದು ಕಪ್ಪು ಚುಕ್ಕಿ ಅಲುಗಾಡುತ್ತಿತ್ತು. ಮೈ ಜುಮ್ ಅಂತು. 2 ಪೂರ್ತಿ ತಿಳಿ, ಏನೂ ಇಲ್ಲ. ಗೊಡ್ಡು ಮೊಟ್ಟೆ ಅಂತ ತೆಗೆದೆ.

ತೋಟದಮನೆ
11 ಕ್ಕೆ 9 ತುಂಬ ಒಳ್ಳೆಯ ಲೆಕ್ಕ. ಹದಿನಾಲ್ಕನೇ ದಿನ ಇನ್ನೊಮ್ಮೆ ನೋಡಿ ಸಾಕು. ಹದಿನೆಂಟನೇ ದಿನದಿಂದ ಕೈ ಹಾಕಬೇಡಿ. ಮರಿ ಒಳಗೆ ಕೊಕ್ಕು ಎತ್ತಿ ತಯಾರಾಗುವ ಸಮಯ ಅದು. ಬುಟ್ಟಿಯ ಹತ್ತಿರ ಕಿವಿ ಇಟ್ಟರೆ ಕೊನೆಯ ಒಂದೆರಡು ದಿನ ಚಿಪ್ಪಿನ ಒಳಗಿನಿಂದಲೇ ಚಿಂವ್ ಅನ್ನುತ್ತೆ, ತಾಯಿ ಮೆಲ್ಲಗೆ ಉತ್ತರ ಕೊಡುತ್ತಾಳೆ. ಆ ಮಾತುಕತೆ ಕೇಳಿದವರು ಮತ್ತೆ ಇನ್‌ಕ್ಯುಬೇಟರ್ ಹೆಸರು ಹೇಳೋದಿಲ್ಲ.

ಗಿರಿರಾಜ_ಹಾಸನ
ನಾನೂ ಕೇಳಿದ್ದೇನೆ, ಆದರೂ ಹೇಳುತ್ತೇನೆ. ಇನ್‌ಕ್ಯುಬೇಟರ್ ಇಲ್ಲದಿದ್ದರೆ ನನ್ನ ಮನೆ ನಡೆಯೋದಿಲ್ಲ. ಎರಡಕ್ಕೂ ಅದರದ್ದೇ ಜಾಗ ಇದೆ.

ತೋಟದಮನೆ
ಸರಿ, ಒಪ್ಪಿದೆ.

ಪಶುಸಖಿ_ತುಮಕೂರು
ಮರಿ ಆಗುವ ಮೊದಲೇ ಲಸಿಕೆ ಮಾತು ಹೇಳಿಬಿಡುತ್ತೇನೆ, ಎಲ್ಲರೂ ಇದನ್ನು ಮರೆಯುತ್ತಾರೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಕುತ್ತಿಗೆ ತಿರುಚುತ್ತೆ, ಹಸಿರು ಭೇದಿ ಆಗುತ್ತೆ, ಒಂದು ವಾರದಲ್ಲಿ ಹಟ್ಟಿ ಖಾಲಿ. ಬಂದ ಮೇಲೆ ಔಷಧಿ ಇಲ್ಲ. 5 ರಿಂದ 7 ನೇ ದಿನಕ್ಕೆ ಲಸೋಟಾ ಅಥವಾ ಎಫ್ ತಳಿಯ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. ನಾಲ್ಕು ವಾರಕ್ಕೆ ಇನ್ನೊಮ್ಮೆ. ಎಂಟು ವಾರಕ್ಕೆ ಅದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಪಶು ಆಸ್ಪತ್ರೆಯಲ್ಲಿ ಕೇಳಿ.

ತೊಂದರೆ ಏನು ಅಂದರೆ ಒಂದು ಬಾಟಲಿಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತೆ, ಬೆರೆಸಿದ ಮೇಲೆ ಎರಡು ಗಂಟೆಯ ಒಳಗೆ ಹಾಕಿ ಮುಗಿಸಬೇಕು. ನಿಮ್ಮ 9 ಮರಿಗೆ ಅಂತ ಯಾರೂ ಬಾಟಲಿ ಒಡೆಯೋದಿಲ್ಲ. ಹಾಗಾಗಿ ಕೇರಿಯವರೆಲ್ಲ ಸೇರಿ ಒಂದು ದಿನ ಗೊತ್ತು ಮಾಡಿ. ನಮ್ಮ ಊರಲ್ಲಿ ಹಾಗೆ ಶುರು ಮಾಡಿದ ಮೇಲೆ ಸಾವು ಕಡಿಮೆ ಆಯಿತು. ಲಸಿಕೆಯನ್ನು ಐಸ್ ಇಟ್ಟ ಫ್ಲಾಸ್ಕ್‌ನಲ್ಲೇ ತನ್ನಿ.

ಮಂಕರಿ
ನಾಟಿ ಕೋಳಿಗೆ ಲಸಿಕೆ ಬೇಕಾಗೋದಿಲ್ಲ, ಅದಕ್ಕೇ ರೋಗ ತಡೆಯುವ ಶಕ್ತಿ ಇದೆ.

ಪಶುಸಖಿ_ತುಮಕೂರು
ಇಲ್ಲ. ಈ ಮಾತು ನಂಬಿ ನಲವತ್ತು ಕೋಳಿ ಕಳೆದುಕೊಂಡು ಅತ್ತ ಹೆಂಗಸನ್ನು ನಾನು ನೋಡಿದ್ದೇನೆ. ಬೇರೆ ಕೆಲವು ಕಾಯಿಲೆ ತಡೆದುಕೊಳ್ಳುತ್ತೆ, ಕೊಕ್ಕರೆ ರೋಗ ತಡೆಯೋದಿಲ್ಲ.

ಹಿತ್ತಲಕೋಳಿ
ಇವತ್ತು 21. ಬೆಳಿಗ್ಗೆ ಆರಕ್ಕೆ ಕೆಂಚಿಯ ರೆಕ್ಕೆ ಸಂದಿಯಿಂದ ಒಂದು ಹಳದಿ ತಲೆ ಇಣುಕಿತು! ಮಧ್ಯಾಹ್ನದ ಹೊತ್ತಿಗೆ 6. ಒಂದು ಮೊಟ್ಟೆಗೆ ನಿನ್ನೆ ರಾತ್ರಿಯೇ ತೂತು ಬಿದ್ದಿದೆ, ಇನ್ನೂ ಹೊರಗೆ ಬಂದಿಲ್ಲ. ಚಿಪ್ಪು ಬಿಡಿಸಲಾ?

ತೋಟದಮನೆ
ಬೇಡ.

ಕರಾವಳಿಗೂಡು
ಬೇಡ ಬೇಡ. ತೂತು ಬಿದ್ದ ಮೇಲೆ 12 ಗಂಟೆ, ಕೆಲವೊಮ್ಮೆ 24 ಗಂಟೆ ಬೇಕು. ಒಳಗೆ ರಕ್ತನಾಳ ಒಣಗಬೇಕು, ಹಳದಿ ಭಾಗ ಹೊಟ್ಟೆಯೊಳಗೆ ಹೋಗಬೇಕು. ನಾವು ಅವಸರ ಮಾಡಿದರೆ ರಕ್ತ ಬಂದು ಸಾಯುತ್ತೆ.

ಪಶುಸಖಿ_ತುಮಕೂರು
ಆಹಾರಕ್ಕೂ ಅವಸರ ಬೇಡ. ಹೊಟ್ಟೆಯೊಳಗೆ ಹೋದ ಆ ಹಳದಿಯೇ ಎರಡು ದಿನಕ್ಕೆ ಸಾಕು. ಹಾಗಾಗಿಯೇ ತಾಯಿ ಕೊನೆಯ ಮರಿಗಾಗಿ ಕಾಯೋಕೆ ಆಗೋದು. ನೀರು ಮಾತ್ರ ಹತ್ತಿರ ಇರಲಿ, ಚಪ್ಪಟೆ ತಟ್ಟೆಯಲ್ಲಿ, ಒಳಗೆ ಬೆಣಚುಕಲ್ಲು ಹಾಕಿ. ಆಳದ ಬಟ್ಟಲಲ್ಲಿ ಮರಿ ಬಿದ್ದು ಮುಳುಗುತ್ತೆ.

ಗುಂಪಿನ ಜೊತೆ ಸಾಕುವವರು ಒಂದು ವಿಷಯ ನೋಡಿಕೊಳ್ಳಿ. ಅಂಗಡಿಯ ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಯ ಆಹಾರ) ಮರಿಗೆ ಆಗೋದಿಲ್ಲ, ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮರಿಯ ಮೂತ್ರಪಿಂಡ ಹಾಳಾಗುತ್ತೆ. ಎಲ್ಲದಕ್ಕೂ ಮರಿಯ ಫೀಡ್ ಹಾಕಿ, ಮೊಟ್ಟೆ ಇಡುವವಕ್ಕೆ ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡಿ. ಬೇಕಾದ್ದು ಬೇಕಾದಷ್ಟು ತಿನ್ನುತ್ತೆ.

ಅಜ್ಜಿಮನೆ
ಅಕ್ಕಿ ನುಚ್ಚು, ರಾಗಿ, ಮತ್ತೆ ಗೆದ್ದಲು. ಹಳೆಯ ಮಡಕೆಗೆ ಸಗಣಿ, ಒಣ ಹುಲ್ಲು ತುಂಬಿ ನೀರು ಚಿಮುಕಿಸಿ ಗೆದ್ದಲು ಇರುವ ಕಡೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಗೆದ್ದಲು ತುಂಬಿರುತ್ತೆ. ತಾಯಿ ಕೊಕ್ ಕೊಕ್ ಅಂತ ಕರೆದು ಒಂದೊಂದೇ ತೋರಿಸೋದನ್ನು ನೋಡಬೇಕು.

ಹಿತ್ತಲಕೋಳಿ
8 ಮರಿ! ತೂತು ಬಿದ್ದಿದ್ದು ರಾತ್ರಿ ತಾನಾಗಿಯೇ ಹೊರಗೆ ಬಂತು. ನಿಮ್ಮ ಮಾತು ಕೇಳದೆ ಬಿಡಿಸಿದ್ದರೆ ಏನಾಗುತ್ತಿತ್ತೋ. ಒಂದು ಮೊಟ್ಟೆಯಲ್ಲಿ ಮರಿ ತುಂಬಿಕೊಂಡು ಸತ್ತಿದೆ. ಈಗ ಜಾಲರಿ ಯಾವಾಗ ತೆಗೆಯಲಿ? ಕರಿ ಹ್ಯಾಟೆಯದ್ದೇ ಭಯ.

ತೋಟದಮನೆ
ಮರಿ ಮೂರು ನಾಲ್ಕು ದಿನದ್ದಾದ ಮೇಲೆ, ಬೆಳಿಗ್ಗೆ, ಉಳಿದವು ತೋಟಕ್ಕೆ ಹೊರಟ ಮೇಲೆ ತೆಗೆಯಿರಿ. ಒಡ್ಡಿಯೊಳಗಿನ ಇಕ್ಕಟ್ಟಿನಲ್ಲಿ ಬೇಡ, ಬಯಲಲ್ಲಿ ಮುಖಾಮುಖಿ ಆಗಲಿ. ಮೊದಲ ದಿನ ನೀವು ಅಲ್ಲೇ ಇರಿ, ಆದರೆ ನಡುವೆ ಹೋಗಬೇಡಿ. ಆಹಾರ ಎರಡು ಕಡೆ ಹಾಕಿ. ಮರಿಗೆ ಮಾತ್ರ ನುಗ್ಗೋಕೆ ಆಗುವಂಥ ಒಂದು ಬುಟ್ಟಿ ಬೋರಲು ಹಾಕಿ, ಕೆಳಗೆ ಸಣ್ಣ ಸಂದಿ ಇರಲಿ. ನುಚ್ಚು ಅದರೊಳಗೆ. ಹುಂಜದ ಬಗ್ಗೆ ಚಿಂತೆ ಬೇಡ, ಹೆಚ್ಚಾಗಿ ಏನೂ ಮಾಡೋದಿಲ್ಲ.

ಹಿತ್ತಲಕೋಳಿ
ಇವತ್ತು ಬಿಟ್ಟೆ. ಬರೆಯುವಾಗಲೂ ಕೈ ನಡುಗುತ್ತಿದೆ. ಕೆಂಚಿ ಮರಿ ಕಟ್ಟಿಕೊಂಡು ಗೊಬ್ಬರದ ಗುಂಡಿ ಕಡೆ ಹೋಯಿತು. ಕರಿ ಹ್ಯಾಟೆ ತಲೆ ತಗ್ಗಿಸಿ ಬಂದು ಒಂದು ಮರಿಗೆ ಕುಕ್ಕಿತು, ಮರಿ ಉರುಳಿತು. ಅಷ್ಟೇ, ಕೆಂಚಿ ರೆಕ್ಕೆ ಅಗಲ ಮಾಡಿ, ನೆಲದಿಂದ ಎರಡು ಅಡಿ ಹಾರಿ ಕರಿ ಹ್ಯಾಟೆಯ ಬೆನ್ನ ಮೇಲೆ ಬಿತ್ತು. ಮೂರು ಸಲ. ಕರಿ ಹ್ಯಾಟೆ ಕೊಟ್ಟಿಗೆಯವರೆಗೆ ಓಡಿತು. ಸಂಜೆಯವರೆಗೆ ಒಂದು ಕೋಳಿಯೂ ಮರಿಗಳ ಒಂದು ಮಾರು ಹತ್ತಿರ ಬರಲಿಲ್ಲ. ಹೋದ ವರ್ಷದ ಅದೇ ಕೆಂಚಿ, ಅದೇ ಕರಿ ಹ್ಯಾಟೆ!

ಕರಾವಳಿಗೂಡು
ಓದಿ ಖುಷಿ ಆಯಿತು. ಇನ್ನು ಆಕಾಶದ ಕಡೆ ನೋಡಿ. ಬಿಜ್ಜು (ಸಣ್ಣ ಗಿಡುಗ), ಕಾಗೆ, ಕೆಂಬೂತ ಮೂರೂ ಮರಿ ಒಯ್ಯುತ್ತವೆ. ಅಂಗಳದಲ್ಲಿ ಒಂದೆರಡು ಕಡೆ ತೆಂಗಿನ ಗರಿ ಒರಗಿಸಿ ಇಡಿ, ಅಡಗೋಕೆ ಜಾಗ ಆಗುತ್ತೆ.

ಹಿತ್ತಲಕೋಳಿ
ಇಟ್ಟಿದ್ದೇನೆ. ಆದರೂ ಹನ್ನೊಂದನೇ ದಿನ ಒಂದನ್ನು ಕೆಂಬೂತ ಒಯ್ಯಿತು. 7 ಉಳಿದಿವೆ. ಕೇರಿಯ ಐದು ಮನೆಯವರು ಸೇರಿ ಲಸಿಕೆ ಹಾಕಿಸಿದೆವು.

ಜವಾರಿಹುಂಜ
7 ಉಳಿದರೆ ಗೆದ್ದ ಹಾಗೆ. ತಾಯಿ ಎಷ್ಟು ದಿನ ನೋಡಿಕೊಳ್ಳುತ್ತಾಳೆ ನಿಮ್ಮಲ್ಲಿ? ನಮ್ಮಲ್ಲಿ ಎರಡು ತಿಂಗಳಿಗೆ ಕುಕ್ಕಿ ಓಡಿಸುತ್ತಾಳೆ.

ತೋಟದಮನೆ
ಇಲ್ಲೂ ಹೆಚ್ಚು ಕಡಿಮೆ ಅಷ್ಟೇ. ಒಂದು ದಿನ ಸಂಜೆ ನೆಲದಲ್ಲಿ ಮಲಗೋದು ಬಿಟ್ಟು ಮೇಲಿನ ಗಳುವಿಗೆ ಹಾರಿ ಕೂರುತ್ತಾಳೆ. ಮರಿಗಳು ಕೆಳಗೆ ಗಲಾಟೆ ಮಾಡುತ್ತವೆ. ಕೆಳಗೆ ಒಂದು ಅಡಿ ಎತ್ತರದಲ್ಲಿ ಇನ್ನೊಂದು ಗಳು ಕಟ್ಟಿಕೊಡಿ, ಕಲಿಯುತ್ತವೆ.

ಟೆರೇಸ್‌ಗೂಡು
ನನ್ನ ಕಡೆಯದ್ದೂ ಹೇಳಬೇಕು. ನಿನ್ನೆ ಒಂದು ದಿನದ 6 ಮರಿ ತಂದೆ. ರಾತ್ರಿ ಹತ್ತಕ್ಕೆ ಒಂದೊಂದೇ ಹ್ಯಾಟೆಯ ಕೆಳಗೆ ತಳ್ಳಿದೆ. ಬೆಳಿಗ್ಗೆ ನೋಡಿದರೆ ನಾಲ್ಕು ಹಳದಿ ಮರಿ ರೆಕ್ಕೆಯೊಳಗೆ ಬೆಚ್ಚಗಿವೆ. ಎರಡು ಕಪ್ಪು ಮರಿಗಳನ್ನು ಮಾತ್ರ ಹತ್ತಿರ ಬಂದರೆ ಕುಕ್ಕುತ್ತಿದೆ. ಅವೆರಡನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗೆ ಇಟ್ಟಿದ್ದೇನೆ. ಒಂದೇ ಸಮ ಕೂಗುತ್ತಿವೆ.

ಪಶುಸಖಿ_ತುಮಕೂರು
ಬಣ್ಣ ಬೇರೆ ಇದ್ದರೆ ಕೆಲವು ಹ್ಯಾಟೆ ಹೀಗೆ ಮಾಡುತ್ತವೆ. ಇವತ್ತು ರಾತ್ರಿ ಇನ್ನೊಮ್ಮೆ ಪ್ರಯತ್ನ ಮಾಡಿ. ದೀಪ ಪೂರ್ತಿ ಆರಿಸಿ, ಹನ್ನೊಂದರ ಮೇಲೆ, ಹಿಂದಿನಿಂದ ತಳ್ಳಿ. ಬೆಳಕು ಹರಿಯುವ ಮೊದಲೇ ನೀವು ಅಲ್ಲಿರಬೇಕು. ಆಗಲೂ ಕುಕ್ಕಿದರೆ ತೆಗೆದುಬಿಡಿ, ಮೂರನೇ ಸಲ ಬೇಡ.

ಟೆರೇಸ್‌ಗೂಡು
ಸರಿ. ಐದಕ್ಕೆ ಅಲಾರಂ ಇಟ್ಟಿದ್ದೇನೆ.